ಕುಂತ ಕುರಿ ಎದ್ದೀತಲೇ ಪರಾಕ್

ಫೆಬ್ರವರಿ 20, ಗುರುವಾರ

ಎಡಗೈಯನ್ನು ಊದಿದ ದವಡೆಯ ಮೇಲೂ ಬಲಗೈಯನ್ನು ಡಿಕ್ಷನರಿಯ ಮೇಲೂ ಇಟ್ಟು, ಯಾರ ಒತ್ತಾಯಕ್ಕೂ ಮಣಿಯದೆ ಒಪ್ಪಿಕೊಳ್ಳುತ್ತೇನೆ: ಇವತ್ತು ನಾನು ನಾಳೆಯನ್ನು ಕದ್ದೆ. (ಬರೆಯಲು ಕೈ ಉಳಿಯದ ಕಾರಣ ಬಲಗೈಯನ್ನು ವಾಪಸು ಪಡೆದಿದ್ದೇನೆ.)

ಸ್ಥಳ, ಹಗರಿಬೊಮ್ಮನಹಳ್ಳಿಯ ಹಲ್ಲಿನ ಡಾಕ್ಟರ ಹೊರಕೋಣೆ. ಗೋಡೆಯ ಮೇಲೆ ದಿನಕ್ಕೊಂದು ಇಂಗ್ಲಿಷ್ ಪದ ಕಲಿಸುವ, ಹಾಳೆ ಹರಿಯುವ ಕ್ಯಾಲೆಂಡರು. ಇವತ್ತಿನ ಪದ ನನಗೆ ಗೊತ್ತಿದ್ದದ್ದು, ಆದ್ದರಿಂದ ನಿರುಪಯೋಗಿ. ಬೆರಳು ತೂರಿಸಿ ನಾಳೆಯದನ್ನು ಇಣುಕಿದೆ. ವ್ಯಾಟಿಸಿನೇಟ್! ಕೊಟ್ಟೂರಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಪಾಠ ಹೇಳಿದ ಉಪನ್ಯಾಸಕ ನಾಗೇಂದ್ರಪ್ಪನಿಗೆ ಗೊತ್ತಿಲ್ಲದ ಪದ, ಹಗರಿಬೊಮ್ಮನಹಳ್ಳಿಯ ಗೋಡೆಗೆ ಗೊತ್ತಿತ್ತು. ನರ್ಸಮ್ಮ ಒಳಗೆ ಹೋದಳು, ಹಾಳೆ ನನ್ನ ಜೇಬಿಗೆ ಬಂತು. ಅಲ್ಲಿ ಬರುವ ರೋಗಿಗಳಿಗೆ ಈ ವಾರ ಶುಕ್ರವಾರ ಇಲ್ಲ. ಹಲ್ಲುನೋವಿನವರಿಗೆ ಒಂದು ದಿನ ಕಮ್ಮಿಯಾದರೆ ಉಪಕಾರವೇ.

ವ್ಯಾಟಿಸಿನೇಟ್ ಅಂದರೆ ಭವಿಷ್ಯ ನುಡಿಯುವುದು. ಲ್ಯಾಟಿನ್ನಿನಲ್ಲಿ 'ವಾಟೆಸ್' ಅಂದರೆ ಮೈಮೇಲೆ ದೇವರು ಬಂದ ಕಾಲಜ್ಞಾನಿ. ಕವಿಗೂ ಅದೇ ಹೆಸರು. ಅದರ ಬಾಲಕ್ಕೆ ಅಂಟಿಕೊಂಡಿರುವುದು 'ಕಾನೆರೆ', ಹಾಡುವುದು. ಅಂದರೆ ರೋಮಿನವರು ನಾಳೆಯ ಸುದ್ದಿಯನ್ನು ಹೇಳುತ್ತಿರಲಿಲ್ಲ, ಹಾಡುತ್ತಿದ್ದರು. ನಮ್ಮ ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ, ಮೈಲಾರಲಿಂಗನ ಸೇವಕ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ!" ಅಂತ ಕೂಗಿ, ನೆರೆದ ಲಕ್ಷ ಜನ ಉಸಿರು ಹಿಡಿದಾಗ ಒಂದೇ ಒಂದು ಸಾಲು ಕಾರ್ಣಿಕ ನುಡಿದು ಮೇಲಿನಿಂದ ಬೀಳುತ್ತಾನಲ್ಲ, ಅದೂ ವ್ಯಾಟಿಸಿನೇಟೇ. ಆ ಒಂದು ಸಾಲಿನಿಂದ ಮಳೆ, ಬೆಳೆ, ಸರಕಾರ ಎಲ್ಲವನ್ನೂ ಹಿಂಡಿಕೊಳ್ಳುವುದು ಕೇಳಿದವರ ಕೆಲಸ. ಈ ವರ್ಷದ್ದನ್ನು ಟೀವಿಯವರು ಇನ್ನೂ ಹಿಂಡುತ್ತಲೇ ಇದ್ದಾರೆ.

ನನಗೆ ಇದ್ಯಾವುದರಲ್ಲೂ ನಂಬಿಕೆಯಿಲ್ಲ. ಹಲ್ಲಿಯ ಶಕುನ ಸುಳ್ಳು. ಹಲ್ಲಿನ ಶಕುನ ಒಂದೇ ನಿಜ, ಅದು ನೊಂದರೆ ಹಗರಿಬೊಮ್ಮನಹಳ್ಳಿ ಪ್ರಯಾಣ ಖಂಡಿತ. ಹುಟ್ಟಿದಾಗಿನಿಂದ ನಾನು ಒಂದೂ ಹರಕೆ ಹೊತ್ತವನಲ್ಲ, ಮುಂದೆ ಹೊರುವವನೂ ಅಲ್ಲ. ಈ ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ.

ಫೆಬ್ರವರಿ 24, ಸೋಮವಾರ

ಕದ್ದ ಮಾಲನ್ನು ಬಿ.ಎ. ಮೊದಲ ವರ್ಷದ ಮಕ್ಕಳಿಗೆ ಹಂಚೋಣ ಅಂತ ಹೋದರೆ, ಅಲ್ಲಿ ಸಂತೆ. ಫ್ಯಾನಿಗೆ ಯಾರೋ ಬಣ್ಣದ ಕಾಗದ ಕಟ್ಟಿ ಬಿಟ್ಟಿದ್ದರು, ಅದು ಪಟಪಟ ಬಡಿಯುತ್ತಿತ್ತು. ಕೀಳಲು ಬೆಂಚು ಹತ್ತಿದೆ. ಹತ್ತಿದವನಿಗೆ ಎತ್ತರ ತಲೆಗೇರಿತು. "ಸದ್ದಲೇ!" ಅಂತ ಕೂಗಿದೆ.

ಏನು ಹೇಳಲಿ! ಇಷ್ಟು ವರ್ಷ "ಸೈಲೆನ್ಸ್ ಪ್ಲೀಸ್" ಅಂತ ಇಂಗ್ಲಿಷಿನಲ್ಲಿ ಬೇಡಿಕೊಂಡರೂ ಬಾಯಿ ಮುಚ್ಚದ ತರಗತಿ ಗಪ್ಪಾಯಿತು. ಹಿಂದಿನ ಬೆಂಚಿನ ಮೊಬೈಲುಗಳು ಮಾತ್ರ ಮೇಲೆದ್ದವು. ಅಷ್ಟು ನಿಶ್ಶಬ್ದವನ್ನು ಕೆಲಸಕ್ಕೆ ಸೇರಿದಾಗಿನಿಂದ ನಾನು ಕಂಡದ್ದಿಲ್ಲ, ಹೆದರಿಕೆಯಾಯಿತು. ಏನಾದರೂ ನುಡಿಯಲೇಬೇಕು. ಕಿಟಕಿಯಾಚೆ ಮೈದಾನದಲ್ಲಿ ಮಲಗಿದ್ದ ಕುರಿಯೊಂದು ಆಗಲೇ ಎದ್ದು ಮೈ ಕೊಡವಿತು. ನಾನು ಕೈಯೆತ್ತಿ,

"ಕುಂತ ಕುರಿ ಎದ್ದೀತಲೇ ಪರಾಕ್!"

ಇಡೀ ಕ್ಲಾಸು "ಏಳುಕೋಟಿ ಏಳುಕೋಟಿಗೋ" ಅಂತ ಮೈಲಾರದ ಜಯಕಾರ ಕೂಗಿತು. ವ್ಯಾಟಿಸಿನೇಟ್ ಹೇಳುವುದು ಮರೆತೇಹೋಯಿತು.

ಫೆಬ್ರವರಿ 27, ಗುರುವಾರ

ಬೆಂಚಿನ ಮೇಲಿನ ನನ್ನ ವಿಡಿಯೋ ಸುತ್ತಲಿನ ಐದೂ ತಾಲೂಕು ಸುತ್ತಿದೆ. ಕೂಡ್ಲಿಗಿಯಿಂದ ಬಾಮೈದ ಫೋನ್ ಮಾಡಿ, "ಭಾವ, ಶೇಂಗಾ ರೇಟು ಏಳತೈತಿ ಅಂತ ಇಲ್ಲಿ ಮಾತಾಡ್ತಾರ, ಮಾರ್ಲೋ ಬ್ಯಾಡೋ?" ಅಂದ. ಹರಪನಹಳ್ಳಿಯವರು ಮೆಕ್ಕೆಜೋಳ ಅಂತ ತಿಳಿದಿದ್ದಾರಂತೆ. ಕುರಿ ಅಂತ ತಿಳಿದವರು ಯಾರೂ ಇಲ್ಲ.

ಮಧ್ಯಾಹ್ನ ಪ್ರಿನ್ಸಿಪಾಲ ಬಂಗಾರಪ್ಪನವರು ಕರೆಸಿದರು. ಅವರು ಪ್ರಭಾರಿ ಪ್ರಾಂಶುಪಾಲರು. ಬಹಳ ಕಾಲದಿಂದ ಆ ಕುರ್ಚಿಗೆ ಭಾರವಾಗಿರುವುದರಿಂದ ಪ್ರಭಾರಿ.

"ನಾಗೇಂದ್ರಪ್ಪನೋರ, ಬಾಗಿಲಾ ಹಾಕ್ರಿ. ಕುಂತ ಕುರಿ ಅಂದ್ರ ಯಾರು?"

"ಕುರೀನ ಸರ. ಮೈದಾನದಾಗ ಇತ್ತು."

"ನನ್ನ ಮುಂದ ಬ್ಯಾಡ್ರಿ. ಕುಂತದ್ದು ಅಂದ್ರಿ, ಎದ್ದೀತು ಅಂದ್ರಿ. ಮ್ಯಾನೇಜ್‌ಮೆಂಟಿನೋರು ನಿಮ್ಮ ಕಿವ್ಯಾಗ ಏನರ ಊದ್ಯಾರೇನು?"

ನಾನು ಗೊರವಯ್ಯನ ಹಾಗೆ ಬರೀ ಮೇಲೆ ನೋಡಿದೆ. ತಿರುಗಿ ಬರುವಾಗ ಅವರು ಕುರ್ಚಿಯ ಎರಡೂ ಕೈ ಹಿಡಿದುಕೊಂಡು ಕೂತಿದ್ದರು.

ಮನೆಯಲ್ಲಿ ಸುಕನ್ಯಾ: "ನನಗ ಅರ್ಥ ಆಗೈತಿ ಬಿಡ್ರಿ. ಸೋಫಾದ ಮ್ಯಾಲೆ ಕುಂತದ್ದು ಎದ್ದು ಸಿಲಿಂಡರ್ ತರತೈತಿ ಅಂತ." ಹೆಂಡತಿಯ ವ್ಯಾಖ್ಯಾನವೇ ಮೊದಲು ನಿಜವಾಯಿತು.

ಮಾರ್ಚ್ 2, ಭಾನುವಾರ

ಬೆಳಿಗ್ಗೆ ಬಾಗಿಲಲ್ಲಿ ಹೆಗಲಿಗೆ ಕಂಬಳಿ ಹಾಕಿದ ಯಜಮಾನರು, ಹಿಂದೆ ಒಬ್ಬಳು ಹುಡುಗಿ.

"ಸರ, ನಾನು ಇಟ್ಟಿಗಿ ಊರಿನ ಯರ್ರೆಪ್ಪ, ಕುರಿ ಸಾಕಿದಾವ. ಇಕಿ ನನ್ನ ಮಗಳು ರೋಜಾ, ನಿಮ್ಮ ಕಾಲೇಜಿನಾಕಿ. ಡಿಗ್ರಿ ಎಲ್ಲಾ ಆಗೈತಿ, ಇಂಗ್ಲಿಷ್ ಒಂದು ಉಳಕೊಂಡೈತಿ. ಎರಡು ಸಲ ಬರದ್ಲು, ಎರಡೂ ಸಲ ಹೋತು. ಆಮ್ಯಾಲೆ ಮನ್ಯಾಗ ಕುಂತುಬಿಟ್ಲು."

ಕುಂತುಬಿಟ್ಲು ಅಂದಾಗ ನನ್ನ ಹಲ್ಲು ಜುಮ್ಮೆಂದಿತು.

ಸಂಗತಿ ಇದು. ಅವರೂರಿನ ಕಂಬಳಿ ನೇಕಾರರ ಸೊಸೈಟಿಯ ಕಾರ್ಯದರ್ಶಿ ಸೆಪ್ಟೆಂಬರಿಗೆ ನಿವೃತ್ತಿ. ಆ ಜಾಗಕ್ಕೆ ಡಿಗ್ರಿ ಪಾಸಾದವರು ಬೇಕು. ರೋಜಾ ಆಗದಿದ್ದರೆ ಅಧ್ಯಕ್ಷರ ಅಳಿಯ ಪ್ರವೀಣಕುಮಾರ್ ಬಂದು ಕೂರುತ್ತಾನೆ. ಅವನಿಗೆ ಉಣ್ಣೆಗೂ ಹತ್ತಿಗೂ ವ್ಯತ್ಯಾಸ ಗೊತ್ತಿಲ್ಲವಂತೆ. ಯರ್ರೆಪ್ಪ ಮೊನ್ನೆ ಸೊಸೈಟಿಯ ಸಭೆಯಲ್ಲಿ ಎಲ್ಲರ ಎದುರು ಎದ್ದು ನಿಂತು, "ಕೊಟ್ಟೂರು ಸರ ಕಾರ್ಣಿಕ ನುಡದಾರ, ಕುಂತ ನನ್ನ ಮಗಳು ಎದ್ದಾಳ, ಜಾಗ ಕಾಯ್ರಿ" ಅಂತ ಮಾತು ಕೊಟ್ಟು, ಜೂನಿನ ಪರೀಕ್ಷೆಗೆ ಫೀಸು ಕಟ್ಟಿಸಿಯೇ ಬಂದಿದ್ದಾರೆ.

"ಯಜಮಾನ್ರ, ಅದು ಚಾಷ್ಟಿಗೆ, ನಗಿಗೆ ಅಂದದ್ದು. ಅದರ ಅರ್ಥ ನನಗ ಗೊತ್ತಿಲ್ಲ," ಅಂದೆ.

ಯರ್ರೆಪ್ಪನ ಮುಖ ಅರಳಿತು. "ನೋಡ್ವಾ ರೋಜಾ, ನಾನು ಹೇಳಲಿಲ್ಲೇನು? ನುಡದೋರಿಗೆ ಯಾವತ್ತರ ಗೊತ್ತಿರತೈತೇನ್ರಿ? ನಮ್ಮಪ್ಪ ಗೊರವಯ್ಯ, ಅವನೂ ಇದನ್ನ ಅಂತಾನ. ಗೊತ್ತಿದ್ದು ಹೇಳಿದ್ರ ಅದು ಕಾರ್ಣಿಕ ಅಲ್ಲ, ಭಾಷಣ."

ತರ್ಕಶಾಸ್ತ್ರದಲ್ಲಿ ಇದಕ್ಕೆ ಮದ್ದಿಲ್ಲ. ಇಲ್ಲ ಅಂದಷ್ಟೂ ಹೌದಾಗುತ್ತೇನೆ. ತಂದೆ ಚಪ್ಪಲಿ ಮೆಟ್ಟುವ ಹೊತ್ತಿಗೆ ಮಗಳು ಹಿಂದೆ ಉಳಿದಳು.

"ಸರ, ನನಗ ಗೊತ್ತೈತಿ ನೀವು ಬಿಟ್ಟಿದ್ದು ಬೊಗಳಿ ಅಂತ. ಆದ್ರ ಅಪ್ಪ ನಂಬ್ಯಾನ. ನಾನು ಫೇಲಾದ್ರ ಮಂದಿ ನಗೋದು ನಿಮ್ಮನ್ನ ಅಲ್ಲ, ಅವನ್ನ."

"ನೀನು ನನ್ನ ಕ್ಲಾಸಿನಾಗ ಇದ್ದೇನು? ನೆನಪಿಲ್ಲಲ್ಲ."

"ಇದ್ದೆ ಸರ. ಭಾಳ ನಕ್ಕೀನಿ. ನಕ್ಕೋತ ನಕ್ಕೋತ ಫೇಲಾದೆ. ನಗಿಗೆ ಮಾರ್ಕ್ಸ್ ಇರಲಿಲ್ಲ."

ಹುಡುಗಿಗೆ ಹಾಸ್ಯಪ್ರಜ್ಞೆ ಇದೆ. ಅಷ್ಟನ್ನಾದರೂ ಕಲಿಸಿ ಕಳಿಸಿದ್ದೇನಲ್ಲ. ಕಾಟ ತಪ್ಪಲಿ ಅಂತ, ಒಂದೆರಡು ಭಾನುವಾರ ಇಟ್ಟಿಗಿಗೆ ಬಂದು ಹೇಳಿಕೊಡುತ್ತೇನೆ ಅಂದೆ. ಒಂದೆರಡೇ.

ಮಾರ್ಚ್ 9, ಭಾನುವಾರ

ಇಟ್ಟಿಗಿಯಲ್ಲಿ ಯರ್ರೆಪ್ಪನ ಅಂಗಳದ ಒಂದು ಮಗ್ಗುಲಿಗೆ ಮನೆ, ಇನ್ನೊಂದು ಮಗ್ಗುಲಿಗೆ ಕುರಿದೊಡ್ಡಿ. ನಡುವೆ ಬೇವಿನ ಮರದ ಕೆಳಗೆ ನಾನು, ರೋಜಾ, ಇಂಗ್ಲಿಷು. ರೋಮಿನ ಭಾಷೆಯ ಸಾಕುಮೊಮ್ಮಗಳನ್ನು ರೋಮದ ನಡುವೆ ಕೂತು ಕಲಿಸುವ ಯೋಗ.

ಯರ್ರೆಪ್ಪನ ತಂದೆ ಗೊರವಜ್ಜ ಕರಿಕಂಬಳಿಯ ನಿಲುವಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಮರದ ಬಟ್ಟಲು. ಏನಜ್ಜ ಅದು ಅಂದೆ.

"ದೋಣಿ ಅಂತಾರ್ರಿ ಇದಕ್ಕ. ಬೇಡಿಕೊಂಡಿದ್ದು ಆದ್ರ ಭಕ್ತರು ಹಾಲು, ತುಪ್ಪ, ಬಾಳಿಹಣ್ಣು ಹಾಕಿ ದೋಣಿ ತುಂಬಸ್ತಾರ. ನಾವು ಮೈಲಾರಲಿಂಗನ ನಾಯಿಗಳು, ಬೊಗಳಿಕೋತ ಬಂದು ಉಣ್ತೀವಿ."

"ಬೊಗಳೋದಂದ್ರ, ಖರೇನ ಬೊಗಳೋದು?"

"ಖರೇನ. ಸುಳ್ಳು ಬೊಗಳಾಕ ನಾವೇನು ಓದಿದೋರೇನ್ರಿ?"

ಎಂ.ಎ. ಇಂಗ್ಲಿಷ್ ಮೊದಲ ದರ್ಜೆಯವನಾದ ನಾನು ಕೇಳದವನಂತೆ ಪುಸ್ತಕ ತೆರೆದೆ. ನಿನ್ನ ಬಗ್ಗೆ ಒಂದು ವಾಕ್ಯ ಬರಿ ಅಂದೆ ರೋಜಾಗೆ. "ಐ ಆ್ಯಮ್ ಸಿಟ್ಟಿಂಗ್ ಸಿನ್ಸ್ ಟೂ ಇಯರ್ಸ್" ಅಂತ ಬರೆದಳು. ವ್ಯಾಕರಣ ತಪ್ಪು. ಉಳಿದದ್ದೆಲ್ಲ ಸರಿ.

ಮಾರ್ಚ್ 23, ಭಾನುವಾರ

ಇದು ಮೂರನೇ ಭಾನುವಾರ. ಒಂದೆರಡು ಅಂದಿದ್ದೆ, ಗಣಿತ ನನ್ನ ವಿಷಯವಲ್ಲ.

ಈಕೆಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ, ಇಂಗ್ಲಿಷ್ ಅಂದರೆ ಹೆದರಿಕೆ. ವರದಿ ಬರಿ ಅಂದರೆ ಪೆನ್ನು ಬೆವರುತ್ತದೆ. ಪಠ್ಯದಲ್ಲಿರುವುದು ಲಂಡನ್ನಿನ ಹೂದೋಟದ ಮೇಲಿನ ವರದಿ. ಅದನ್ನು ಅತ್ತ ಸರಿಸಿ, ನಿಮ್ಮ ಸೊಸೈಟಿಯ ಸಭೆ ಹೇಗೆ ನಡೆಯಿತು ಬರಿ ಅಂದೆ. ಪ್ರವೀಣಕುಮಾರ್ ಮಿಕ್ಸ್ಚರ್ ಪೊಟ್ಟಣ ಒಡೆದದ್ದರಿಂದ ಹಿಡಿದು ಪುಟಗಟ್ಟಲೆ ಬರೆದಳು. ನಾನು ನಗಲಿಲ್ಲ, ಕ್ರಿಯಾಪದ ತಿದ್ದಿದೆ.

ಏಪ್ರಿಲ್ 13, ಭಾನುವಾರ

ಬಿಸಿಲು. ಕೂಡ್ಲಿಗಿಯಲ್ಲಿ ಬಾಮೈದನ ಗೃಹಪ್ರವೇಶ ಇತ್ತು, ಹೋಗಲಾಗಲಿಲ್ಲ. ಸುಕನ್ಯಾ ಒಬ್ಬಳೇ ಹೋಗಿ ಬಂದಳು. "ನಿಮ್ಮ ಮನಿಯೋರು ಯಾಕ ಬರಲಿಲ್ಲ ಅಂತ ಕೇಳಿದ್ರ ಏನನ್ಲಿ? ಕುರಿ ಎಬ್ಸಾಕ ಹೋಗ್ಯಾರ ಅಂದೆ. ಎಲ್ಲಾರೂ ಕೈ ಮುಗುದ್ರು."

ಈ ವಾರ ಒಂದೂ ಶ್ಲೇಷೆ ಹೊಳೆಯಲಿಲ್ಲ. ಹಲ್ಲಿನ ಮಾತ್ರೆಯ ಪರಿಣಾಮ ಇರಬೇಕು. ಕಾಲೇಜಿನಲ್ಲೂ ಸೊಸೈಟಿ ವರದಿಯನ್ನೇ ಬರೆಸಿದೆ. ಹಿಂದಿನ ಬೆಂಚಿನವನೊಬ್ಬ ಎದ್ದು, "ಸರ, ಇವತ್ತು ಜೋಕ್ ಇಲ್ಲೇನ್ರಿ?" ಅಂದ. ಕೂತ್ಕೊಳೋ ಅಂದೆ.

ಮೇ 11, ಭಾನುವಾರ

ಜಗಳ. ರೋಜಾ ಪುಸ್ತಕ ಮುಚ್ಚಿ, "ಎಲ್ಲಾ ಸರ್‌ಗಳು ಇಂಪಾರ್ಟೆಂಟ್ ಪ್ರಶ್ನೆ ಕೊಡ್ತಾರ. ಕಾರ್ಣಿಕದ ಸರ ಕೊಡಂಗಿಲ್ಲೇನ್ರಿ?" ಅಂದಳು.

"ನಾನು ಭವಿಷ್ಯ ನುಡಿಯಾಂವಲ್ಲವ್ವ."

"ಕ್ಲಾಸಿನ ಮುಂದ ನುಡದೀರಿ. ನನ್ನ ಮುಂದ ಯಾಕ ಇಲ್ಲ?"

ಸಿಟ್ಟಿನಲ್ಲಿ ನುಡಿದೇಬಿಟ್ಟೆ: ವರದಿ ಬರುವುದು ಖಂಡಿತ, ದೂರಿನ ಪತ್ರ ಬರುವುದೇ ಇಲ್ಲ, ಅದನ್ನು ಓದಿ ಹೊತ್ತು ಹಾಳುಮಾಡಬೇಡ. ನುಡಿಯುವಾಗ ಹಿತವಾಗಿತ್ತು ಅಂತ ಒಪ್ಪಿಕೊಳ್ಳಬೇಕು. ಪುರಾತನ ರೋಮಿನಲ್ಲಿ ನನಗೆ ಒಳ್ಳೆಯ ಭವಿಷ್ಯ ಇತ್ತು.

ಮೇ 25, ಭಾನುವಾರ

ಬಸ್‌ಸ್ಟಾಪಿನಲ್ಲಿ ಪ್ರವೀಣಕುಮಾರ್ ಸಿಕ್ಕ. ಬುಲೆಟ್ಟಿನ ಮೇಲೆ ಕೂತೇ, ನಾಕು ಮಂದಿ ಕೇಳುವಂತೆ, "ಏನ್ ಸರ, ನಿಮ್ಮ ಕುರಿ ಎಲ್ಲೀಮಟ ಎದ್ದೈತಿ? ಮೊಣಕಾಲು ಬಂತೇನು?" ಅಂದ. ಎಲ್ಲರೂ ನಕ್ಕರು. ಆಚೆ ಟೀ ಅಂಗಡಿಯಲ್ಲಿದ್ದ ಯರ್ರೆಪ್ಪ ಲೋಟ ನೋಡುತ್ತಾ ನಿಂತಿದ್ದರು.

ಇಂಥ ಮಾತಿಗೆ ನನ್ನ ಬಾಯಲ್ಲಿ ಉತ್ತರ ಸದಾ ಸಿದ್ಧ. ಇವತ್ತು ಬರಲಿಲ್ಲ. ಕೊಟ್ಟೂರು ಮುಟ್ಟುವ ಹೊತ್ತಿಗೆ ಒಂದು ಹೊಳೆಯಿತು, ಚೆನ್ನಾಗಿಯೂ ಇತ್ತು. ಬರೆಯುವ ಮನಸ್ಸಿಲ್ಲ.

ಜೂನ್ 11, ಬುಧವಾರ

ನಾಳೆ ಪರೀಕ್ಷೆ. ಪೂರ್ವದ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಪಂಚಾಂಗದಲ್ಲಿ ಪೂರ್ವಕ್ಕೆ ಏನು ಫಲ ಕೊಟ್ಟಿದ್ದಾರೆ ಅಂತ ನೋಡಿದೆ. ಭಾಷಾಶಾಸ್ತ್ರದ ದೃಷ್ಟಿಯಿಂದ.

ಜೂನ್ 12, ಗುರುವಾರ

ಪರೀಕ್ಷಾ ಕೇಂದ್ರದ ಗೇಟಿನ ಬಳಿ ನಿಂತಿದ್ದೆ. ಮನೆಯಲ್ಲಿ ಕರೆಂಟು ಹೋಗಿತ್ತು, ಅದಕ್ಕೆ. ರೋಜಾ ಹೊರಗೆ ಬಂದಳು, ಮುಖದಲ್ಲಿ ಏನೂ ಇಲ್ಲ.

"ವರದಿ ಬಂತೇನು?"

"ಇಲ್ಲ ಸರ."

"ಮತ್ತ?"

"ದೂರಿನ ಪತ್ರ ಬಂದಿತ್ತು. ನೀವು ಬರೋದ ಇಲ್ಲ ಅಂದಿದ್ರಿ."

ಮುಂದೆ ಕೇಳಲು ಧೈರ್ಯ ಬರಲಿಲ್ಲ. ಅವಳ ಬಸ್ಸು ಬಂತು. ಹತ್ತುವಾಗ ತಿರುಗಿ ಏನೋ ಅಂದಳು, ಹಾರ್ನಿನಲ್ಲಿ ಕೇಳಿಸಲಿಲ್ಲ.

ಊಟ ಸೇರಲಿಲ್ಲ. ಹಲ್ಲುನೋವು ಅಂದೆ. "ಆ ಹಲ್ಲು ಏಪ್ರಿಲ್‌ನಾಗ ಕೀಳಿಸೀರಲ್ರಿ," ಅಂದಳು ಸುಕನ್ಯಾ.

ಜೂನ್ 15, ಭಾನುವಾರ

ಮೈಲಾರಕ್ಕೆ ಹೋಗಿದ್ದೆ. ಟೀ ಕುಡಿಯಲು. ಎರಡು ಬಸ್ಸು ಬದಲಾಯಿಸಬೇಕು, ಆದರೆ ಟೀ ಚೆನ್ನಾಗಿರುತ್ತದೆ. ಅಲ್ಲಿ ಗೊರವಜ್ಜ ಸಿಕ್ಕಿದ್ದರು. ಅದೂ ಇದೂ ಮಾತಾಡಿದೆವು.

ಆಗಸ್ಟ್ 6, ಬುಧವಾರ

ಫಲಿತಾಂಶ! ವಿಶ್ವವಿದ್ಯಾಲಯದ ವೆಬ್‌ಸೈಟು ಬೆಳಿಗ್ಗೆಯಿಂದ ಚಕ್ರ ತಿರುಗಿಸುತ್ತಾ ಕೂತಿತ್ತು. ನಾನು ಎರಡು ಸಲ ನಂಬರು ತಪ್ಪು ಒತ್ತಿದೆ; ಸುಕನ್ಯಾ ಮೊಬೈಲು ಕಸಿದುಕೊಂಡು, "ಕೊಡ್ರಿ ಇಲ್ಲಿ. ಪಾಸ್! ಐವತ್ತೆಂಟು!" ಅಂದಳು.

ಆಮೇಲೆ ರೋಜಾಳ ಫೋನು. "ಸರ, ಅವತ್ತು ಬಸ್ ಹತ್ತೋವಾಗ ಹೇಳಿದ್ದು ಕೇಳಸಲಿಲ್ಲೇನ್ರಿ? ಪತ್ರ ಚಂದ ಬರದೀನಿ ಅಂದೆ. ಸೊಸೈಟಿಗೆ ಬರೋ ಉಣ್ಣಿ ತೂಕದಾಗ ಮೋಸ ಆಗತೈತಿ ಅಂತ ದೂರು. ನೀವು ಬರಂಗಿಲ್ಲ ಅಂದಮ್ಯಾಲೆ ಅದು ಬರೋದು ಖಾತ್ರಿ ಅಂತ ಅದನ್ನೂ ಓದಿದ್ದೆ." ಹಿಂದಿನಿಂದ ಯರ್ರೆಪ್ಪ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಅರ್ಜಿ ನಾಳೆಯೇ ಹಾಕುತ್ತಾಳಂತೆ.

ಸ್ಟಾಫ್‌ರೂಮಿನಲ್ಲಿ ಬಂಗಾರಪ್ಪನವರು ನನ್ನ ಕೈ ಹಿಡಿದು, "ಹೆಂಗ ನುಡದ್ರಿ ಮಾರಾಯ್ರ! ಅದು ಇಟ್ಟಿಗಿ ಕುರಿ ಅಂತ ಮೊದಲ ಹೇಳಿದ್ರ ನಾನು ಆರು ತಿಂಗಳು ನಿದ್ದಿ ಮಾಡ್ತಿದ್ದೆ," ಅಂದರು. ನಾನು ಎಲ್ಲರನ್ನೂ ಕೂರಿಸಿ ಒಂದು ಉಪನ್ಯಾಸ ಕೊಟ್ಟೆ. ವಾಟೆಸ್, ಕಾನೆರೆ, ರೋಮ್, ಎಲ್ಲ ವಿವರಿಸಿದೆ. ಇದು ಕಾರ್ಣಿಕ ಅಲ್ಲ, ಪಾಠ. ದೈವ ಅಲ್ಲ, ದುಡಿಮೆ ಅಂದೆ. ಈ ನಾಗೇಂದ್ರಪ್ಪ ಜನ್ಮದಲ್ಲಿ ಒಂದೂ ಹರಕೆ ಹೊತ್ತವನಲ್ಲ ಅಂತ ಮೇಜು ಗುದ್ದಿ ಹೇಳಿದೆ. ಚಪ್ಪಾಳೆ ಬಿತ್ತು.

ಆಗಸ್ಟ್ 10, ಭಾನುವಾರ

ನಿನ್ನೆ ನಾನು ಸ್ನಾನಕ್ಕೆ ಹೋದಾಗ ಫೋನು ಬಂದಿದೆ, ಸುಕನ್ಯಾ ಎತ್ತಿದ್ದಾಳೆ. ಗೊರವಜ್ಜ. "ಅಮ್ಮಾರ, ಸರ ಮೈಲಾರದಾಗ ಬೇಡಿಕೊಂಡಿದ್ರಲ್ಲ, ದೋಣಿ ಯಾವಾಗ ತುಂಬಸ್ತಾರ?"

ನಾನು ಹೊರಗೆ ಬಂದಾಗ ಸುಕನ್ಯಾ ಟವೆಲು ಹಿಡಿದು ನಿಂತಿದ್ದಳು. "ಟೀ ಹೆಂಗಿತ್ರಿ?" ಅಂತ ಅಷ್ಟೇ ಕೇಳಿದಳು.

ಹೌದು. ಬೇಡಿಕೊಂಡಿದ್ದೆ. ಜೂನ್ ಹದಿನೈದರಂದು, ಟೀ ಕುಡಿಯದೆ. ಫೆಬ್ರವರಿಯಲ್ಲಿ ಗೆರೆ ಎಳೆದ ಆ ಹರಕೆಯ ವಾಕ್ಯಕ್ಕೆ ಈಗ ಇನ್ನೊಂದು ಗೆರೆ ಎಳೆದಿದ್ದೇನೆ, ನಟ್ಟನಡುವೆ.

ಇವತ್ತು ಇಟ್ಟಿಗಿಯ ಅಂಗಳದಲ್ಲಿ ದೋಣಿ ತುಂಬಿಸಿದೆ. ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ. ಗೊರವರು ಕರಿಕಂಬಳಿ ತೊಟ್ಟು, ಡಮರುಗ ಬಾರಿಸುತ್ತಾ, ಬೊಗಳುತ್ತಾ ಬಂದರು. ಬಂಗಾರಪ್ಪನವರೂ ಬಂದಿದ್ದರು, ಬೇರೆ ಯಾವ ಕುರಿಯೂ ಏಳುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಬಿ.ಎ. ಮೊದಲ ವರ್ಷದ ಅರ್ಧ ಕ್ಲಾಸು ಬಂದಿತ್ತು, ಮೊಬೈಲು ಸಮೇತ. ರೋಜಾ ಬೇವಿನ ಮರಕ್ಕೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ನಾನು ಕೈ ಮುಗಿದು ಒಂದು ಬದಿಗೆ ನಿಂತಿದ್ದೆ. ಗೊರವಜ್ಜ ನನ್ನ ಕಡೆ ನೋಡಿದರು. "ಬೊಗಳೋದು ನಮ್ಮ ಸೇವಾ ರೀ ಸರ, ನೀವು ಮಾಡಬೇಕಂತ ಏನಿಲ್ಲ. ಮನಸ್ಸಿದ್ರ ಒಂದು ದನಿ ಕೂಡಸ್ರಿ. ಒಂದ ಸಾಕು."

ಭವಿಷ್ಯ ನುಡಿದವನು ಹಾಡಬೇಕು ಅನ್ನುತ್ತದೆ ಲ್ಯಾಟಿನ್ನು. ನನಗೆ ಹಾಡು ಬರುವುದಿಲ್ಲ. ಒಂದೇ ಸಾಕು ಅಂದಿದ್ದರು, ಅದನ್ನೂ ಯಾರೂ ಒತ್ತಾಯ ಮಾಡಿರಲಿಲ್ಲ. ಇಲ್ಲಿ ನಾನೊಬ್ಬನೇ ಓದುವುದರಿಂದ ಬರೆದಿಡುತ್ತೇನೆ: ನಾನು ಮೂರು ಸಲ ಬೊಗಳಿದೆ. ಮೂರನೆಯದಕ್ಕೆ ದೊಡ್ಡಿಯಲ್ಲಿ ಕುಂತಿದ್ದ ಕುರಿಗಳೆಲ್ಲ ಎದ್ದು ನಿಂತವು.